ಸೆಲ್ಲಿನಿಂದ ಠಾಣೆಯವರೆಗೆ: ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ಐವತ್ತು ವರ್ಷ

ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೊಡೆದುಹಾಕಿತು. ಅದನ್ನು ಆಚರಿಸಿದವರನ್ನು ಶಿಕ್ಷಿಸಲು 1955ರಲ್ಲಿ ಕಾಯ್ದೆಯೂ ಬಂತು. ಬಾರದೆ ಉಳಿದದ್ದು ಒಂದೇ: ಆ ಕಾಯ್ದೆಯಡಿ ಕೊಟ್ಟ ದೂರು ಕೊನೆಗೆ ಏನಾಯಿತು ಎಂದು ಕೇಳುವ ಕಚೇರಿ. ಬಾವಿಯ ನೀರು ಮುಟ್ಟಿದ್ದಕ್ಕೆ ಪೆಟ್ಟು ತಿಂದವನು ಠಾಣೆಯ ಮೆಟ್ಟಿಲು ಹತ್ತಿದರೂ ಊರ ಹಿರಿಯರು ರಾಜಿ ಮಾಡಿಸುತ್ತಿದ್ದರು. ಅಂದಿನ ಕಾಯ್ದೆಯಲ್ಲಿ ರಾಜಿಗೆ ಅವಕಾಶವೂ ಇತ್ತು. 1974ರಲ್ಲಿ ಕರ್ನಾಟಕದ ಪೊಲೀಸ್ ಇಲಾಖೆಯೊಳಗೆ ಹುಟ್ಟಿದ, ಜನ ಇಂದಿಗೂ ‘ಸಿಆರ್‌ಇ ಸೆಲ್’ ಎಂದೇ ಕರೆಯುವ ನಾಗರಿಕ ಹಕ್ಕು ಜಾರಿ ಕೋಶ ಈ ಕೇಳುವ ಕೆಲಸಕ್ಕೆ ನಿಂತಿತು.

ಸರ್ಕಾರ ತಾನಾಗಿ ಎಚ್ಚೆತ್ತು ಇದನ್ನು ಕಟ್ಟಿತು ಎಂದು ಬರೆದರೆ ಅದು ಅರ್ಧ ಚರಿತ್ರೆ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲ ಅದು. ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯ ವಿರುದ್ಧ ನಿಂತವರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ‘ಬೂಸಾ’ ಎಂದು ಆಡಿದ ಮಾತಿಗಾಗಿ ಅವರು ಮಂತ್ರಿ ಪದವಿಯನ್ನೇ ಬಿಡಬೇಕಾಯಿತು. ಆ ಮಾತಿನ ಮೇಲೆ ಎದ್ದ ಗಲಾಟೆಯಲ್ಲಿ ಪೆಟ್ಟು ತಿಂದ ದಲಿತ ಹಾಸ್ಟೆಲ್ ಹುಡುಗರು, ಅದೇ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ನಾಯಕತ್ವದಲ್ಲಿ ಬೆಳೆದ ದಲಿತ ಸಂಘರ್ಷ ಸಮಿತಿ, ಪ್ರತಿ ಹಳ್ಳಿಯ ಅವಮಾನವನ್ನೂ ರಸ್ತೆಗೆ ತಂದ ಮೆರವಣಿಗೆಗಳು — ಇವೆಲ್ಲ ಸೆಲ್ಲಿನ ಬೆನ್ನ ಹಿಂದೆ ಇದ್ದುದರಿಂದಲೇ ಅದರ ಕಡತಗಳಿಗೆ ಜೀವ ಬಂದದ್ದು.

ಅಸ್ಪೃಶ್ಯತೆಯ ಕುರಿತು ಕೇಂದ್ರ ಸರ್ಕಾರ ನೇಮಿಸಿದ್ದ ಇಳಯಪೆರುಮಾಳ್ ಸಮಿತಿ 1969ರಲ್ಲಿ ಕೊಟ್ಟ ವರದಿಯ ಫಲ ಕಾಣಲು ಏಳು ವರ್ಷ ಬೇಕಾಯಿತು. 1976ರ ತಿದ್ದುಪಡಿಯಲ್ಲಿ ಹಳೆಯ ಕಾಯ್ದೆ ‘ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ’ ಆಯಿತು, ರಾಜಿಯ ಬಾಗಿಲು ಮುಚ್ಚಿತು, ಕನಿಷ್ಠ ಒಂದು ತಿಂಗಳ ಸೆರೆವಾಸ ಕಡ್ಡಾಯವಾಯಿತು. ಅದರಲ್ಲಿ ಸೇರಿದ 15ಎ ಕಲಮಿಗೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ನೊಂದವರಿಗೆ ಕಾನೂನು ನೆರವು, ಮೊಕದ್ದಮೆಗಳ ಮೇಲೆ ಕಣ್ಣಿಡಲು ಅಧಿಕಾರಿಗಳು, ವಿಶೇಷ ನ್ಯಾಯಾಲಯಗಳು, ಕಾಯ್ದೆ ಎಲ್ಲಿ ಎಡವುತ್ತಿದೆ ಎಂದು ತಿಳಿಯಲು ಆಗಾಗ ಸಮೀಕ್ಷೆ, ಅಸ್ಪೃಶ್ಯತೆ ಬಲವಾಗಿರುವ ಪ್ರದೇಶಗಳ ಗುರುತಿಸುವಿಕೆ — ಇಷ್ಟೂ ರಾಜ್ಯದ ಹೊಣೆ ಎಂದು ಅದು ಬರೆಯಿತು. ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆ ವರದಿ ಇಡಬೇಕೆಂದೂ ಹೇಳಿತು. ನೊಂದವನು ಬಂದು ದೂರು ಕೊಡುವವರೆಗೆ ಕೈಕಟ್ಟಿ ಕೂರುವ ಹಕ್ಕನ್ನು ಸರ್ಕಾರದಿಂದ ಕಿತ್ತುಕೊಂಡ ಕಲಮು ಅದು.

ಆದರೂ 1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ದಲಿತರ ಬಾಯಿಗೆ ಮಲ ತುರುಕಲಾಯಿತು. ಎರಡು ವರ್ಷದ ನಂತರ ಬಂದ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ತನ್ನ ಅಪರಾಧಗಳ ಪಟ್ಟಿಯಲ್ಲಿ ಮೊದಲು ಹೆಸರಿಸಿದ್ದು ತಿನ್ನಬಾರದ್ದನ್ನು ಬಲವಂತವಾಗಿ ತಿನ್ನಿಸುವುದನ್ನೇ. ಆ ಕಾಯ್ದೆಯ 1995ರ ನಿಯಮಗಳು ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಿಗೆ ಕೊಡಕೂಡದೆಂದವು. ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಸಮಿತಿ ವರ್ಷಕ್ಕೆರಡು ಬಾರಿ, ಜಿಲ್ಲಾಧಿಕಾರಿಗಳ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಿ ಪ್ರಕರಣಗಳನ್ನು ಪರಿಶೀಲಿಸಬೇಕು. ಕರ್ತವ್ಯದಲ್ಲಿ ಉಪೇಕ್ಷೆ ತೋರಿದ ಅಧಿಕಾರಿಗೂ ಕಾಯ್ದೆಯ 4ನೇ ಕಲಮಿನಡಿ ಶಿಕ್ಷೆ ಉಂಟು. ಸಭೆ ನಿಜವಾಗಿ ನಡೆದ ಜಿಲ್ಲೆಯಲ್ಲಿ ಪರಿಹಾರದ ಹಣ ಹೊತ್ತಿಗೆ ಸಿಗುತ್ತದೆ, ದೋಷಾರೋಪಣಾ ಪಟ್ಟಿಗೂ ಒಂದು ಗಡುವಿನ ಭಯವಿರುತ್ತದೆ. ನಡೆಯದ ಜಿಲ್ಲೆಯಲ್ಲಿ ದೂರುದಾರನ ಮೇಲೆ ಪ್ರತಿದೂರು ಬೀಳುತ್ತದೆ, ಕೆಲವು ತಿಂಗಳಲ್ಲಿ ಪ್ರಕರಣ ಮುಚ್ಚುವ ‘ಬಿ ರಿಪೋರ್ಟ್’ ಕೈಗೆ ಬರುತ್ತದೆ.

ನಿರ್ದೇಶನಾಲಯವಾಗಿ ಬೆಳೆದ ಸೆಲ್ಲಿಗೆ ಬಹುಕಾಲ ಕಣ್ಣಿತ್ತು, ಕೈ ಇರಲಿಲ್ಲ. ಅರ್ಜಿ ವಿಚಾರಣೆ ಮಾಡಬಹುದಿತ್ತು, ಊರಿಗೆ ಹೋಗಿ ನೋಡಬಹುದಿತ್ತು, ತನಿಖೆ ನಿಂತಿದ್ದರೆ ಏಕೆಂದು ಪತ್ರ ಬರೆಯಬಹುದಿತ್ತು. ಪ್ರಕರಣ ಮಾತ್ರ ಸ್ಥಳೀಯ ಠಾಣೆಯದೇ ಆಗಿತ್ತು. ಸೆಲ್ಲಿನ ಸಿಬ್ಬಂದಿಯ ಬೆವರು ಹೆಚ್ಚು ಹರಿದದ್ದು ಸುಳ್ಳು ಜಾತಿ ಪ್ರಮಾಣಪತ್ರಗಳ ಹಿಂದೆ. ಮಾಧುರಿ ಪಾಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದ ಮೇಲೆ ಈ ವಿಚಾರಣೆಗೆ ಒಂದು ಕ್ರಮ ಬಂತು. ಅಧಿಕಾರಿ ಅರ್ಜಿದಾರರ ಮೂಲ ಊರಿಗೇ ಹೋಗಬೇಕು. ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿನ ಮುಂದೆ ಏನಿದೆ ನೋಡಬೇಕು. ಮನೆದೇವರು ಯಾವುದು, ಮದುವೆ ಹೇಗೆ, ಸಾವಿನ ಶಾಸ್ತ್ರ ಹೇಗೆ ಎಂದೆಲ್ಲ ವಿಚಾರಿಸಬೇಕು. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಬೇಡ ಜಂಗಮರ ಹೆಸರಿನಲ್ಲಿ ವೀರಶೈವ ಜಂಗಮರು ಪರಿಶಿಷ್ಟ ಜಾತಿಯ ಪತ್ರ ಕೇಳಿದ ವಿವಾದ ಈ ರಾಜ್ಯದಲ್ಲಿ ಎಷ್ಟು ದೀರ್ಘವಾಗಿ ಎಳೆದಿದೆ ಎಂಬುದು ಓದುಗರಿಗೆ ಗೊತ್ತು. ಸುಳ್ಳು ಪತ್ರದಿಂದ ಒಬ್ಬ ಪಡೆದ ಕೆಲಸ ಕೇರಿಯ ಯಾವುದೋ ಹುಡುಗಿಯದು. ಅವಳ ಹೆಸರು ಯಾವ ಕಡತದಲ್ಲೂ ಬರುವುದಿಲ್ಲ, ತಾನು ಏನು ಕಳೆದುಕೊಂಡೆ ಎಂದೂ ಅವಳಿಗೆ ತಿಳಿಯುವುದಿಲ್ಲ. ಹಾಗಾಗಿ ಈ ನೀರಸ ದಾಖಲೆ ಪರಿಶೀಲನೆಯನ್ನು ನಾನು ಸಣ್ಣ ಕೆಲಸವೆಂದು ಎಣಿಸಲಾರೆ.

ಐವತ್ತು ವರ್ಷದ ಹೆಮ್ಮೆಯ ನಡುವೆ ಕಂಬಾಲಪಲ್ಲಿಯನ್ನು ಬಿಟ್ಟು ಬರೆಯಲು ಸಾಧ್ಯವಿಲ್ಲ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ಪ್ರತಿಕೂಲ ನುಡಿದರು. 2006ರಲ್ಲಿ ಆರೋಪಿಗಳೆಲ್ಲರೂ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಾಯ್ದೆ ಇತ್ತು, ನಿಯಮಗಳಿದ್ದವು, ಸಮಿತಿಗಳಿದ್ದವು. ಕೊಂದವರ ಊರಿನಲ್ಲೇ ಬದುಕಬೇಕಾದ ಸಾಕ್ಷಿಗೆ ಆರು ವರ್ಷ ಕಾವಲಾಗಿ ನಿಲ್ಲುವವರು ಇರಲಿಲ್ಲ. ಸಾಕ್ಷಿಗಳ ರಕ್ಷಣೆ, ಪ್ರಯಾಣದ ಖರ್ಚು, ಅಗತ್ಯವಿದ್ದರೆ ಬೇರೆಡೆ ವಸತಿ — ಇವನ್ನು ಹಕ್ಕೆಂದು ಕಾಯ್ದೆಯೊಳಗೆ ಬರೆದದ್ದು 2015ರ ತಿದ್ದುಪಡಿಯಲ್ಲಿ, 2016ರ ಜನವರಿ 26ರಿಂದ ಅದು ಜಾರಿಗೆ ಬಂತು.

ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಇನ್ನೊಂದು ಬಗೆಯ ಕತೆ ನಡೆಯಿತು. ಹೋಟೆಲು, ಕ್ಷೌರದಂಗಡಿಗಳಲ್ಲಿ ಪ್ರವೇಶ ನಿರಾಕರಣೆಯ ಹಳೆಯ ಕಹಿಯಿದ್ದ ಆ ಊರಿನಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ವಿಚಾರಣೆ ನಡೆದು 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ತೀರ್ಪಿನ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹೋಗಿದೆ. ಆದರೂ ಅಷ್ಟು ವರ್ಷ ತಮ್ಮ ಮಾತಿಗೆ ಅಂಟಿಕೊಂಡು ನಿಂತ ಮರಕುಂಬಿಯ ಜನರ ಧೈರ್ಯವನ್ನು ಈ ಸಂಚಿಕೆ ಗೌರವದಿಂದ ನೆನೆಯಲೇಬೇಕು.

2025ರಲ್ಲಿ ನಿರ್ದೇಶನಾಲಯಕ್ಕೆ ರಾಜ್ಯದಾದ್ಯಂತ 33 ವಿಶೇಷ ಪೊಲೀಸ್ ಠಾಣೆಗಳು ಬಂದವು, ದೌರ್ಜನ್ಯ ಪ್ರಕರಣಗಳ ತನಿಖೆ ಅವುಗಳ ಪಾಲಾಯಿತು. ಕೊನೆಗೂ ಕೈ ಬಂದಿದೆ. ಈ ಠಾಣೆಗಳು ತಮ್ಮ ವಾರ್ಷಿಕ ವರದಿಯಲ್ಲಿ ದಾಖಲಾದ ಪ್ರಕರಣಗಳ ಲೆಕ್ಕದ ಜೊತೆಗೆ, ಎಷ್ಟು ಸಾಕ್ಷಿಗಳಿಗೆ ರಕ್ಷಣೆ ಕೊಟ್ಟೆವು, ಅವರಲ್ಲಿ ಎಷ್ಟು ಮಂದಿ ಕಟಕಟೆಯಲ್ಲಿ ತಮ್ಮ ಹೇಳಿಕೆಗೆ ಬದ್ಧರಾಗಿ ಉಳಿದರು ಎಂಬುದನ್ನೂ ಜಿಲ್ಲಾವಾರು ಅಚ್ಚುಹಾಕಿಸಬೇಕೆಂದು ಈ ಪುಟಗಳ ಮೂಲಕ ಕೇಳುತ್ತಿದ್ದೇನೆ.