ವಯಸ್ಸಾದವರು ಬೀಳುವುದು ಸಹಜವೇ?

‘ವಯಸ್ಸಾಯ್ತು, ಕಾಲು ಜಾರಿತು, ಏನು ಮಾಡೋಕಾಗುತ್ತೆ?’ ಮನೆಯಲ್ಲಿ ಅಜ್ಜ, ಅಜ್ಜಿ ಬಿದ್ದಾಗ ಕೇಳಿಬರುವ ಮಾತಿದು. ಇದು ಅರ್ಧ ಸತ್ಯ ಮಾತ್ರ. ವಯಸ್ಸನ್ನು ತಡೆಯಲಾಗದು, ಆದರೆ ಬೀಳುವುದನ್ನು ಬಹುಮಟ್ಟಿಗೆ ತಡೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು.

ಏಕೆ ಬೀಳುತ್ತಾರೆ?

ಕಾರಣ ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ತೊಡೆಯ ಸ್ನಾಯು ಸೊರಗಿರುತ್ತದೆ, ಕಣ್ಣಿಗೆ ಪೊರೆ ಬಂದಿರುತ್ತದೆ, ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುತ್ತದೆ. ಬಿಪಿ ಅಥವಾ ನಿದ್ದೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಥಟ್ಟನೆ ಎದ್ದಾಗ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಅರಸೀಕೆರೆ ಸೀಮೆಗೆ ಇನ್ನೊಂದು ಕಾರಣವೂ ಸೇರುತ್ತದೆ. ಇಲ್ಲಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಂಥ ನೀರನ್ನು ಹತ್ತಾರು ವರ್ಷ ಕುಡಿದರೆ ಬೆನ್ನುಮೂಳೆ, ಕೀಲುಗಳು ಬಿಗಿದುಕೊಳ್ಳಬಹುದು. ಆಗ ಎಡವಿದವರಿಗೆ ಬೇಗ ಸಾವರಿಸಿಕೊಳ್ಳುವುದು ಕಷ್ಟ.

ಇದರ ಜೊತೆಗೆ ಪಾಚಿ ಕಟ್ಟಿದ ಬಚ್ಚಲು, ಎತ್ತರದ ಹೊಸಿಲು, ಗಂಜಲ ನಿಂತ ಕೊಟ್ಟಿಗೆ, ಅಂಗಳದಲ್ಲಿ ಬಿದ್ದ ತೆಂಗಿನ ಮಟ್ಟೆ, ಸವೆದ ಹವಾಯಿ ಚಪ್ಪಲಿ, ರಾತ್ರಿಯ ಕತ್ತಲು.

ತಪ್ಪು ನಂಬಿಕೆಗಳು

‘ಎದ್ದು ನಡೆದರು, ಮೂಳೆ ಮುರಿದಿಲ್ಲ.’ ಹೀಗೆನ್ನಲಾಗದು. ಸೊಂಟದ ಕೀಲಿನ ಬಳಿ ಮೂಳೆ ಮುರಿದು ಒಂದರೊಳಗೊಂದು ಸಿಕ್ಕಿಕೊಂಡಿದ್ದರೆ ಕೆಲವರು ಕುಂಟುತ್ತಾ ನಡೆಯುತ್ತಾರೆ. ತೊಡೆಸಂದಿಯ ನೋವು ಉಳಿದರೆ ಎಕ್ಸ್‌ರೇ ಬೇಕು.

‘ಎಣ್ಣೆ ಹಚ್ಚಿ, ನಾಟಿ ಕಟ್ಟು ಹಾಕಿಸಿದರೆ ಸಾಕು.’ ಸೊಂಟದ ಕೀಲಿನ ಮುರಿತವನ್ನು ಹೊರಗಿನ ಕಟ್ಟು ಹಿಡಿದಿಡಲಾರದು. ಹೆಚ್ಚಿನವರಿಗೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ತಡವಾಗಿ ಮಲಗಿದ್ದಲ್ಲೇ ಇದ್ದರೆ ನ್ಯುಮೋನಿಯಾ, ಬೆನ್ನುಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

‘ಒಮ್ಮೆ ಬಿದ್ದವರು ಓಡಾಡಬಾರದು.’ ಕೂತಷ್ಟೂ ಸ್ನಾಯು ಇನ್ನಷ್ಟು ಸೊರಗುತ್ತದೆ, ಮತ್ತೆ ಬೀಳುವ ಸಂಭವ ಹೆಚ್ಚುತ್ತದೆ. ಮುರಿತವಿಲ್ಲವೆಂದು ವೈದ್ಯರು ಹೇಳಿದ ಮೇಲೆ ಕೋಲು ಹಿಡಿದಾದರೂ ನಡೆಯಬೇಕು.

ಬಿದ್ದಾಗ ಏನು ಮಾಡಬೇಕು?

ಕೂಡಲೇ ಎಳೆದು ಎಬ್ಬಿಸಬೇಡಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ಪ್ರಜ್ಞೆ ತಪ್ಪಿದ್ದರೆ ಅಲುಗಿಸದೆ 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟಾಗಿದ್ದರೆ ಕೆಲವು ವಾರ ಗಮನವಿರಲಿ. ವೃದ್ಧರ ಮೆದುಳಿನ ಸುತ್ತ ರಕ್ತ ನಿಧಾನವಾಗಿ ಸೇರಿ, ತಲೆನೋವು, ಮಂಪರು, ಗೊಂದಲ ತಡವಾಗಿ ಕಾಣಿಸಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ತಡೆಯುವುದು ಹೇಗೆ?

• ಬಚ್ಚಲಿನ ಪಾಚಿ ಉಜ್ಜಿ ತೆಗೆಯಿರಿ, ಗೋಡೆಗೆ ಹಿಡಿಕೆ ಹಾಕಿಸಿ.
• ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿ ಬೆಳಕಿರಲಿ.
• ಎದ್ದು ಒಂದು ನಿಮಿಷ ಕೂತು, ಆಮೇಲೆ ನಿಲ್ಲಲಿ.
• ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವನ್ನು ದಿನಕ್ಕೆ ಹತ್ತು ಬಾರಿ ಮಾಡಲಿ, ಪಕ್ಕದಲ್ಲಿ ಒಬ್ಬರಿರಲಿ.
• ಪೊರೆಯ ಶಸ್ತ್ರಚಿಕಿತ್ಸೆ ಮುಂದೂಡಬೇಡಿ. ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಮಕ್ಕಳಿಗೆ ತೊಂದರೆ ಬೇಡವೆಂದು ಹಲವರು ಬಿದ್ದದ್ದನ್ನು ಹೇಳುವುದೇ ಇಲ್ಲ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಾಧ್ಯತೆ ಹೆಚ್ಚು. ಆದ್ದರಿಂದ ಬೈಯದೆ, ಆಗಾಗ ಕೇಳಿ ತಿಳಿದುಕೊಳ್ಳಿ.