ಮಳೆ ತಾರದ ಗಾಳಿಯೂ ಮಾಡುವ ಉಪಕಾರ

ಆಷಾಢ ಬಂತೆಂದರೆ ಪಾವಗಡದಲ್ಲಿ ಗಾಳಿಯದೇ ಮಾತು. ಮೋಡ ತಲೆಯ ಮೇಲೆಯೇ ಓಡುತ್ತದೆ, ಹನಿ ಮಾತ್ರ ಬೀಳುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ನೀರು ಸುರಿಸಿ ಬರಿಗೈಲಿ ಬರುವ ಗಾಳಿ ಅದು. ಹಾಗಾಗಿ ನಮ್ಮ ಕಡೆ ಅದಕ್ಕೆ ಬೈಗುಳವೇ ಹೆಚ್ಚು. ಆದರೆ ಅದೇ ಗಾಳಿ ಕಣ್ಣಿಗೆ ಕಾಣದ ಒಂದು ಉಪಕಾರ ಮಾಡುತ್ತದೆ. ನೆಲದ ಹತ್ತಿರದ ಓಝೋನ್ ಅನಿಲವನ್ನು ತಗ್ಗಿಸುತ್ತದೆ.

ಓಝೋನ್ ಆಕಾಶದಲ್ಲಿ ಕೊಡೆಯಂತೆ ನಮ್ಮನ್ನು ಕಾಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ನಿಜ. ಆದರೆ ಉಸಿರಾಡುವ ಗಾಳಿಯಲ್ಲಿ ಹೆಚ್ಚಾದರೆ ಅದೇ ಅನಿಲ ಎದೆಗೆ ಕೆಟ್ಟದ್ದು, ಬೆಳೆಗೂ ಕೆಟ್ಟದ್ದು.

ಇದು ಮೊದಲು ಗೊತ್ತಾದದ್ದು ಎಲೆಗಳಿಂದ. 1940ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತ ಸೊಪ್ಪಿನ ಬೆಳೆಗಳ ಎಲೆ ಸುಟ್ಟಂತಾದವು. ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ಕಾರಣ ಬಿಡಿಸಿ ಹೇಳಿದರು. ಓಝೋನ್ ಯಾವ ಕೊಳವೆಯಿಂದಲೂ ನೇರವಾಗಿ ಬರುವುದಿಲ್ಲ. ವಾಹನ, ಕಾರ್ಖಾನೆಗಳ ಹೊಗೆಯಲ್ಲಿರುವ ಅನಿಲಗಳು ಬಿಸಿಲಲ್ಲಿ ಕಾದು ಓಝೋನ್ ಆಗುತ್ತವೆ.

ಗಾಳಿಯ ಲೆಕ್ಕ ಶುರುವಾದದ್ದು ಬೇರೆ ದಾರಿಯಲ್ಲಿ. 1876–78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಮುಂಗಾರು ಕೈಕೊಡುವುದನ್ನು ಮೊದಲೇ ತಿಳಿಯಬೇಕೆಂಬ ಹಂಬಲ ಆಮೇಲೆ ಬಲವಾಯಿತು. 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್, ಪೆಸಿಫಿಕ್ ಸಾಗರದ ಕಡೆ ಗಾಳಿಯ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವುದನ್ನು ಗುರುತಿಸಿದರು. ತಕ್ಕಡಿಯಂಥ ಈ ಏರಿಳಿತವೇ ನಮ್ಮ ಮುಂಗಾರನ್ನೂ ಅಲ್ಲಾಡಿಸುತ್ತದೆ.

ಈ ಎರಡು ಕಥೆಗಳೂ ನಮ್ಮ ಪಕ್ಕದಲ್ಲೇ ಸೇರಿದವು. ಪಾವಗಡದಂತೆಯೇ ಒಣಭೂಮಿಯಾದ ಅನಂತಪುರದಲ್ಲಿ ವಿಜ್ಞಾನಿಗಳು 2001ರಿಂದ 2003ರವರೆಗೆ ಓಝೋನ್ ಅಳೆದರು. ಬೇಸಿಗೆಯಲ್ಲಿ ಅದು ಅತಿ ಹೆಚ್ಚು, ಮುಂಗಾರಿನಲ್ಲಿ ಅತಿ ಕಡಿಮೆ ಇತ್ತು.

ಕಾರಣ ಸರಳ. ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ಬರುತ್ತದೆ. ಅದರಲ್ಲಿ ಹೊಗೆ ಕಡಿಮೆ, ಮೇಲೆ ಮೋಡದ ಮರೆ ಇರುವುದರಿಂದ ಬಿಸಿಲೂ ಕಡಿಮೆ. ಹಿಂಗಾರು ಮುಗಿದ ಮೇಲೆ ಈಶಾನ್ಯದ ಗಾಳಿ ನೆಲದ ಮೇಲಿಂದ ಬರುತ್ತದೆ, ದಾರಿಯ ಊರು-ಪಟ್ಟಣಗಳ ಹೊಗೆಯನ್ನೂ ಹೊತ್ತು ತರುತ್ತದೆ. ಬೇಸಿಗೆಯ ಬಿಸಿಲು ಅದನ್ನು ಬೇಯಿಸುತ್ತದೆ. ಹೊಗೆ ಪಟ್ಟಣದ್ದು, ಓಝೋನ್ ಹಳ್ಳಿಗೆ ಎಂಬಂತಾಗುವುದೂ ಉಂಟು. ಪಟ್ಟಣದ ರಸ್ತೆಯಲ್ಲಿ ಹೊಸ ಹೊಗೆಯೇ ಓಝೋನನ್ನು ತಿಂದುಹಾಕುತ್ತದೆ. ಗಾಳಿ ಬೀಸುವ ದಿಕ್ಕಿನ ಹಳ್ಳಿಗಳಲ್ಲಿ ಅದು ಉಳಿದುಕೊಳ್ಳುತ್ತದೆ.

ಮುಂಗಾರು ಸೋತ ವರ್ಷ ಮೋಡದ ಮರೆಯೂ ಸೋಲುತ್ತದೆ. ಬೆಳೆಗೆ ನೀರಿಲ್ಲದ ಕಾಲದಲ್ಲಿ ಗಾಳಿ ಕೆಡುವ ಸಂಭವವೂ ಹೆಚ್ಚುತ್ತದೆ. ಬರ ಎಂದರೆ ಬರೀ ಮಳೆಯ ಲೆಕ್ಕವಲ್ಲ ಎಂದು ನಾವು ಹೇಳುವುದು ಇದಕ್ಕೇ.

ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ 2,050 ಮೆಗಾವ್ಯಾಟ್ ವಿದ್ಯುತ್‌ಗೆ ಆಧಾರವಾದದ್ದು ನಮ್ಮ ಬಿಸಿಲು. ಫಲಕಗಳು ಓಝೋನ್ ಉಗುಳುವುದಿಲ್ಲ. ಆದರೆ ಅದೇ ಬಿಸಿಲಿಗೆ ಹೊಗೆ ಸಿಕ್ಕರೆ ಓಝೋನ್ ಹುಟ್ಟುತ್ತದೆ. ದೇಶದಲ್ಲಿ 2009ರಿಂದ ಇದಕ್ಕೆ ಮಿತಿ ಇದೆ: 8 ಗಂಟೆಯ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ.

ಗಾಳಿಯ ದಿಕ್ಕು ನಮ್ಮ ಕೈಲಿಲ್ಲ, ಬಿಸಿಲೂ ಇಲ್ಲ. ಹೊಗೆ ಮಾತ್ರ ಸ್ವಲ್ಪ ನಮ್ಮ ಕೈಲಿದೆ. ಬೇಸಿಗೆಯಲ್ಲಿ ಕಸ, ಕೂಳೆ ಸುಡದಿರೋಣ. ಉಬ್ಬಸ ಇರುವವರಿಗೂ ಮಕ್ಕಳಿಗೂ ಮಟಮಟ ಮಧ್ಯಾಹ್ನದಿಂದ ಬಿಸಿಲಿಳಿಯುವ ತನಕ ಹೊಲದ ಕೆಲಸ ಹಚ್ಚದಿರೋಣ. ಮುಂದಿನ ಆಷಾಢದಲ್ಲಿ ಗಾಳಿಗೆ ಬೈಯುವಾಗ, ಒಂದು ಮಾತು ಕಡಿಮೆ ಬೈಯೋಣ.