ಆರದ ದೀಪ: ಹಾರ್ಡ್ ಡಿಸ್ಕಿನ ಬಿಡುವಿಲ್ಲದ ಓಟಕ್ಕೆ ಕಾರಣ ಹುಡುಕಿದ ಚರಿತ್ರೆ

ಹಾರ್ಡ್ ಡಿಸ್ಕ್ ಒಂದು ತಿರುಗುವ ಯಂತ್ರ. ಐಬಿಎಂ ಸಂಸ್ಥೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೂಪಿಸಿ 1956ರಲ್ಲಿ ಹೊರತಂದ ಮೊದಲ ಡಿಸ್ಕ್ ಘಟಕದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು; ಅವೆಲ್ಲ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳನ್ನು. ಮುಂದಿನ ದಶಕಗಳಲ್ಲಿ ಗಾತ್ರ ಕುಗ್ಗಿತು, ಸಾಮರ್ಥ್ಯ ಲಕ್ಷಾಂತರ ಪಟ್ಟು ಹೆಚ್ಚಿತು. ಕೆಲಸದ ಬಗೆ ಮಾತ್ರ ಬದಲಾಗಲಿಲ್ಲ: ಹೆಡ್ ಸರಿದು ಬೇಕಾದ ಜಾಡಿಗೆ ಬರಬೇಕು, ಬೇಕಾದ ಭಾಗ ತಿರುಗಿ ಅದರ ಕೆಳಗೆ ಬರುವವರೆಗೆ ಕಾಯಬೇಕು. ನಿಮಿಷಕ್ಕೆ 7200 ಸುತ್ತು ಹಾಕುವ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಹಿಡಿಯುತ್ತದೆ. ಸರಾಸರಿ ಕಾಯುವಿಕೆ ಅದರ ಅರ್ಧ. ಹೆಡ್ ಸರಿಯುವ ಹೊತ್ತನ್ನೂ ಸೇರಿಸಿದರೆ, ಅಲ್ಲಲ್ಲಿ ಚದುರಿದ ತುಣುಕುಗಳನ್ನು ಸೆಕೆಂಡಿಗೆ ಹೆಚ್ಚೆಂದರೆ ನೂರರ ಆಸುಪಾಸಿನಲ್ಲಿ ಓದಬಹುದು. ಒಂದೊಂದು ತುಣುಕು 4 ಕಿಲೋಬೈಟ್ ಎಂದರೂ ಸೆಕೆಂಡಿಗೆ ಸಿಗುವುದು ಸುಮಾರು 400 ಕಿಲೋಬೈಟ್. ಅದೇ ಡಿಸ್ಕ್, ಒಂದೇ ಸಾಲಿನಲ್ಲಿ ಬರೆದಿಟ್ಟ ಕಡತವನ್ನು ಸೆಕೆಂಡಿಗೆ 100 ಮೆಗಾಬೈಟಿಗೂ ಮೀರಿದ ವೇಗದಲ್ಲಿ ಓದಬಲ್ಲದು.

ಮನೆಯ ಕಂಪ್ಯೂಟರುಗಳ ಬಗ್ಗೆ ದಶಕಗಳ ಕಾಲ ಕೇಳಿಬಂದ ಒಂದು ದೂರಿನ ಬೇರು ಈ ಅಂತರದಲ್ಲೇ ಇದೆ. ಯಾರೂ ಏನನ್ನೂ ತೆರೆದಿರುವುದಿಲ್ಲ. ಆದರೂ ಕ್ಯಾಬಿನೆಟ್ಟಿನ ಮುಂದಿನ ದೀಪ ಮಿನುಗುತ್ತಲೇ ಇರುತ್ತದೆ, ಕರಕರ ಸದ್ದು ನಿಲ್ಲುವುದಿಲ್ಲ, ಮೌಸ್ ಒತ್ತಿದರೆ ಪರದೆ ಅಲುಗುವುದಿಲ್ಲ. ಸಾಗಿದ ಮಾಹಿತಿ ಅತ್ಯಲ್ಪ, ಡಿಸ್ಕಿನ ದುಡಿಮೆ ಪೂರ್ತಿ.

ಈ ಸಮಸ್ಯೆಯ ಹುಟ್ಟು ಮನೆಯಲ್ಲಿ ಆದದ್ದಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಟಾಮ್ ಕಿಲ್ಬರ್ನ್ ಅವರ ತಂಡ ಕಟ್ಟಿದ ಅಟ್ಲಾಸ್ ಕಂಪ್ಯೂಟರ್ 1962ರಲ್ಲಿ ಬಳಕೆಗೆ ಬಂತು. ಮುಖ್ಯ ಮೆಮೊರಿ ಸಾಲದಾದಾಗ ಅದರ ಒಂದಷ್ಟು ಪುಟಗಳನ್ನು ತಿರುಗುವ ಡ್ರಮ್ಮಿಗೆ ಕಳಿಸಿ, ಬೇಕೆಂದಾಗ ಮರಳಿ ತರುವ ವ್ಯವಸ್ಥೆ ಅದರಲ್ಲಿತ್ತು. ವರ್ಚುವಲ್ ಮೆಮೊರಿ ಎಂದು ಹೆಸರಾದ ಈ ಉಪಾಯ ಬಹುಬೇಗ ಹರಡಿತು. ಜೊತೆಗೆ ಅದರ ಕೇಡೂ ಕಾಣಿಸಿತು. ಹಲವು ಪ್ರೋಗ್ರಾಮುಗಳು ಒಟ್ಟಿಗೆ ಓಡಿ ಮೆಮೊರಿ ತೀರ ಕಡಿಮೆಯಾದರೆ, ಪುಟಗಳನ್ನು ಹೊರಹಾಕುವುದು, ಒಳತರುವುದು, ಇಷ್ಟರಲ್ಲೇ ಕಂಪ್ಯೂಟರಿನ ಹೊತ್ತೆಲ್ಲ ಕಳೆಯುತ್ತದೆ. ಥ್ರಾಷಿಂಗ್ ಎಂಬ ಈ ಸ್ಥಿತಿಯ ಕಾರಣವನ್ನೂ ಪರಿಹಾರವನ್ನೂ ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ 1968ರಲ್ಲಿ ವಿವರಿಸಿದರು. ಪ್ರತಿ ಪ್ರೋಗ್ರಾಮಿಗೂ ಆಯಾ ಹೊತ್ತಿಗೆ ಅಗತ್ಯವಾದ ಪುಟಗಳ ಒಂದು ಗುಂಪು ಇರುತ್ತದೆ; ಅದಕ್ಕೆ ಮೆಮೊರಿಯಲ್ಲಿ ಜಾಗ ಸಿಗದಿದ್ದರೆ ಬೇರೆ ಯಾವ ಹೊಂದಾಣಿಕೆಯೂ ಫಲ ಕೊಡದು ಎಂಬುದು ಅವರ ವಾದದ ತಿರುಳು.

ಸೀಗೇಟ್ ಕಂಪನಿಯ 5 ಮೆಗಾಬೈಟ್ ಡಿಸ್ಕ್ 1980ರಲ್ಲಿ ಬಂತು. 1983ರ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ 10 ಮೆಗಾಬೈಟಿನ ಡಿಸ್ಕ್ ಇತ್ತು. ಆಗಿನ ಡಾಸ್ ವ್ಯವಸ್ಥೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಪ್ರೋಗ್ರಾಮನ್ನು ನಡೆಸುತ್ತಿದ್ದುದರಿಂದ, ಬಳಸುವವರು ಸುಮ್ಮನಿದ್ದರೆ ಡಿಸ್ಕೂ ಸುಮ್ಮನಿರುತ್ತಿತ್ತು. ದೀಪ ಹೊತ್ತಿತೆಂದರೆ ಕಾರಣ ಕಣ್ಣೆದುರಿಗೇ ಇರುತ್ತಿತ್ತು.

1990ರಲ್ಲಿ ಬಂದ ವಿಂಡೋಸ್ 3.0 ಈ ಸರಳ ಸಂಬಂಧವನ್ನು ಮುರಿಯಿತು. 386 ಪ್ರೊಸೆಸರ್ ಇದ್ದ ಯಂತ್ರಗಳಲ್ಲಿ ಅದು ಡಿಸ್ಕನ್ನೇ ಹೆಚ್ಚುವರಿ ಮೆಮೊರಿಯಾಗಿ ಬಳಸಿತು. ವಿಂಡೋಸ್ 95ಕ್ಕೆ ಮುಖ್ಯ ಮೆಮೊರಿಯಾಗಿ 4 ಮೆಗಾಬೈಟ್ ರ‍್ಯಾಮ್ ಸಾಕೆಂದು ಹೇಳಲಾಗಿತ್ತು. ಅಷ್ಟೇ ಇದ್ದ ಯಂತ್ರಗಳಲ್ಲಿ ಕಿಟಕಿಯಿಂದ ಕಿಟಕಿಗೆ ಹೋದಾಗಲೆಲ್ಲ ಡಿಸ್ಕ್ ಕರಕರ ಎನ್ನುತ್ತಿತ್ತು. ಡೆನ್ನಿಂಗ್ ದೊಡ್ಡ ಯಂತ್ರಗಳಲ್ಲಿ ಕಂಡದ್ದೇ ಮನೆಯ ಮೇಜಿನ ಮೇಲೂ ನಡೆಯಿತು. ಮದ್ದೂ ಅದೇ: ಇನ್ನಷ್ಟು ರ‍್ಯಾಮ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗೆ ಹೋಗಿ ರ‍್ಯಾಮ್ ತಂದು ಹಾಕುವುದು ಹಳೆಯ ಯಂತ್ರಕ್ಕೆ ಚುರುಕು ತರುವ ಖಚಿತ ದಾರಿಯಾಗಿತ್ತು.

ಅದೇ ಕಾಲದಲ್ಲಿ ಬೇರೂರಿದ ಇನ್ನೊಂದು ರೂಢಿ ಡಿಫ್ರಾಗ್. ಕಡತಗಳನ್ನು ಅಳಿಸಿ ಬರೆದು ಮಾಡಿದಂತೆ ಒಂದೇ ಕಡತ ಡಿಸ್ಕಿನ ಹತ್ತಾರು ಕಡೆ ಹಂಚಿಹೋಗುತ್ತದೆ; ಹೆಡ್ಡಿನ ಓಡಾಟ ಹೆಚ್ಚುತ್ತದೆ. ತುಣುಕುಗಳನ್ನು ಮತ್ತೆ ಒಗ್ಗೂಡಿಸುವ ಪ್ರೋಗ್ರಾಮನ್ನು ಮೈಕ್ರೋಸಾಫ್ಟ್ 1993ರ ಎಂಎಸ್-ಡಾಸ್ 6ರಲ್ಲಿ ಸೇರಿಸಿತು. ಬಣ್ಣಬಣ್ಣದ ಚೌಕಗಳು ಸಾಲಾಗಿ ಜೋಡಣೆಯಾಗುವುದನ್ನು ನೋಡುತ್ತ ಕೂರುವುದು ಆ ಪೀಳಿಗೆಯ ನೆನಪಿನಲ್ಲಿ ಉಳಿದಿದೆ. ಡಿಫ್ರಾಗಿನಿಂದ ಓದುವಿಕೆ ಚುರುಕಾಗುತ್ತಿತ್ತು, ನಿಜ. ಆದರೆ ಮೆಮೊರಿಯ ಕೊರತೆಗೆ ಅದು ಮದ್ದಾಗಿರಲಿಲ್ಲ. ಹಾಗಿದ್ದೂ ಎಲ್ಲ ನಿಧಾನಕ್ಕೂ ಅದನ್ನೇ ಹೇಳುವುದು ಬಹುಕಾಲ ನಡೆಯಿತು.

ಮೂರನೆಯ ಕಾರಣ ಹಿನ್ನೆಲೆಯ ಕೆಲಸ. ಆಫೀಸ್ 95 ಮತ್ತು 97ರ ಜೊತೆ ಬಂದ ಫೈಂಡ್ ಫಾಸ್ಟ್ ಎಂಬ ಪುಟ್ಟ ಪ್ರೋಗ್ರಾಮ್, ದಾಖಲೆಗಳನ್ನು ಬೇಗ ಹುಡುಕಿಕೊಡುವ ಉದ್ದೇಶದಿಂದ ಆಗಾಗ ಡಿಸ್ಕನ್ನೆಲ್ಲ ಜಾಲಾಡಿ ಸೂಚಿ ತಯಾರಿಸುತ್ತಿತ್ತು. ಅದನ್ನು ನಿಲ್ಲಿಸಿ ಎಂಬುದು ಆಗಿನ ಮೊದಲ ಸಲಹೆ. 2001ರ ವಿಂಡೋಸ್ ಎಕ್ಸ್‌ಪಿ, ಯಂತ್ರ ಬಿಡುವಾಗಿದ್ದಾಗ ಕಡತಗಳನ್ನು ತಾನೇ ಮರುಜೋಡಿಸತೊಡಗಿತು. 2007ರ ಜನವರಿಯಲ್ಲಿ ಮನೆಬಳಕೆಗೆ ಬಂದ ವಿಂಡೋಸ್ ವಿಸ್ತಾದಲ್ಲಿ ಎಲ್ಲವೂ ಒಟ್ಟಿಗೆ ಸೇರಿದವು: ಮುಂದೆ ಬೇಕಾಗಬಹುದಾದ ಪ್ರೋಗ್ರಾಮುಗಳನ್ನು ಮೊದಲೇ ಮೆಮೊರಿಗೆ ತುಂಬುವ ಸೂಪರ್‌ಫೆಚ್, ಹುಡುಕಾಟದ ಸೂಚಿ, ತಾನಾಗಿ ನಡೆಯುವ ಡಿಫ್ರಾಗ್, ಕೇಡಿನ ತಂತ್ರಾಂಶ ಹುಡುಕುವ ಡಿಫೆಂಡರಿನ ತಪಾಸಣೆ. ಇಂಥ ಕೆಲಸಗಳು ಬಳಸುವವರಿಗೆ ಅಡ್ಡ ಬರದಿರಲೆಂದು ಡಿಸ್ಕಿನ ಬೇಡಿಕೆಗಳಿಗೆ ಆದ್ಯತೆಯ ಕ್ರಮವನ್ನೂ ವಿಸ್ತಾ ತಂದಿತು. ಆದರೂ ದೀಪ ಆರಲಿಲ್ಲ; ಹೊಸ ಯಂತ್ರ ಕೊಂಡವರಿಗೆ ಅದೇ ಚಿಂತೆಯಾಯಿತು. ವಿಂಡೋಸಿಗಷ್ಟೇ ಸೇರಿದ ಕಥೆಯೂ ಇದಲ್ಲ. ಆ್ಯಪಲ್ 2005ರಲ್ಲಿ ತಂದ ಸ್ಪಾಟ್‌ಲೈಟ್ ಎಂಬ ಹುಡುಕಾಟದ ಸಾಧನ ಮೊದಲ ಸೂಚಿ ಕಟ್ಟುವಾಗ ಡಿಸ್ಕನ್ನು ಗಂಟೆಗಟ್ಟಲೆ ದುಡಿಸಬಲ್ಲದು. ಲಿನಕ್ಸಿನಲ್ಲಿ ಕಡತವನ್ನು ಓದಿದಾಗಲೆಲ್ಲ ಓದಿದ ವೇಳೆಯನ್ನು ಬರೆದಿಡುವ ಪದ್ಧತಿಯಿತ್ತು. ಆ ಬರವಣಿಗೆಯನ್ನು ಬಹಳಷ್ಟು ತಗ್ಗಿಸುವ ಕ್ರಮ 2009ರಲ್ಲಿ ರೂಢಿಗೆ ಬಂತು.

ಕಾರಣಗಳು ಹೆಚ್ಚಿದಂತೆ ಅವನ್ನು ಪತ್ತೆಹಚ್ಚುವ ಸಾಧನಗಳೂ ಬೆಳೆದವು. ಮೊದಮೊದಲು ಇದ್ದದ್ದು ಕಣ್ಣು, ಕಿವಿ ಮತ್ತು ಊಹೆ. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1990ರ ದಶಕದಲ್ಲಿ ಬರೆದ ಫೈಲ್‌ಮಾನ್, ಯಾವ ಪ್ರೋಗ್ರಾಮ್ ಯಾವ ಕಡತವನ್ನು ಮುಟ್ಟುತ್ತಿದೆ ಎಂಬುದನ್ನು ಸಾಲುಸಾಲಾಗಿ ತೋರಿಸಿತು. 2006ರಲ್ಲಿ ಮೈಕ್ರೋಸಾಫ್ಟ್ ಅವರ ಸಂಸ್ಥೆಯನ್ನು ಕೊಂಡಿತು. ಅದೇ ವರ್ಷ ಫೈಲ್‌ಮಾನ್ ಪ್ರೊಸೆಸ್ ಮಾನಿಟರ್ ಆಗಿ ಬೆಳೆಯಿತು. 2012ರ ವಿಂಡೋಸ್ 8ರ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕಿನ ದುಡಿಮೆ ಶೇಕಡಾವಾರು ಕಾಣಿಸತೊಡಗಿದ ಮೇಲೆ, ದೀಪದ ಬಗೆಗಿನ ದೂರು 'ಡಿಸ್ಕ್ ಶೇ. 100' ಎಂಬ ದೂರಾಯಿತು.

ವಿಂಡೋಸ್ 10ರ ಕಾಲದಲ್ಲಿ ಇದು ವಿಪರೀತಕ್ಕೆ ಹೋಯಿತು. ಸೂಪರ್‌ಫೆಚ್ ನಿಲ್ಲಿಸಿ, ಹುಡುಕಾಟ ನಿಲ್ಲಿಸಿ, ಡಿಸ್ಕಿನಲ್ಲಿ ಮೆಮೊರಿಯ ಪುಟಗಳನ್ನಿಡುವ ಪೇಜ್ ಫೈಲ್ ತೆಗೆಯಿರಿ ಎಂಬ ಸಿದ್ಧ ಪಟ್ಟಿಗಳು ಹಬ್ಬಿದವು. ಒಂದು ನಿಜವಾದ ಕಾರಣ ಈ ಪಟ್ಟಿಗಳಾಚೆ ಇತ್ತು: ಕೆಲವು ಸಂಗ್ರಹ ಸಾಧನಗಳ ಒಳ ತಂತ್ರಾಂಶದ ದೋಷದಿಂದ, ಡಿಸ್ಕಿನೊಡನೆ ವ್ಯವಹರಿಸುವ ವಿಂಡೋಸಿನದೇ ಎಎಚ್‌ಸಿಐ ಡ್ರೈವರಿನ ಜೊತೆ ಅವು ಉತ್ತರ ಕೊಡದೆ ನಿಲ್ಲುತ್ತಿದ್ದವು. ಮೈಕ್ರೋಸಾಫ್ಟ್ ಅದನ್ನು ಒಪ್ಪಿ ಪರಿಹಾರವನ್ನೂ ಪ್ರಕಟಿಸಿತು. ಇಂಥ ಯಂತ್ರದಲ್ಲಿ ಸೇವೆಗಳನ್ನು ಒಂದೊಂದಾಗಿ ನಿಲ್ಲಿಸುವುದು ವ್ಯರ್ಥ. ಪೇಜ್ ಫೈಲ್ ತೆಗೆಯುವುದಂತೂ ಅಪಾಯ; ಮೆಮೊರಿ ತುಂಬಿದಾಗ ಪ್ರೋಗ್ರಾಮುಗಳು ಅರ್ಧದಲ್ಲೇ ನಿಲ್ಲಬಹುದು.

ಎಲ್ಲಕ್ಕಿಂತ ಗಂಭೀರವಾದದ್ದು ಡಿಸ್ಕೇ ಕೆಡುತ್ತಿರುವ ಸಂದರ್ಭ. ಹಾಳಾದ ಭಾಗವನ್ನು ಡಿಸ್ಕ್ ಮತ್ತೆ ಮತ್ತೆ ಓದಲು ಯತ್ನಿಸುವಾಗಲೂ ದೀಪ ಎಡೆಬಿಡದೆ ಹೊತ್ತಿರುತ್ತದೆ. 1990ರ ದಶಕದ ನಡುವೆ ರೂಢಿಗೆ ಬಂದ ಸ್ಮಾರ್ಟ್ ಎಂಬ ವ್ಯವಸ್ಥೆಯಲ್ಲಿ ಡಿಸ್ಕ್ ತನ್ನ ದೋಷಗಳ ಲೆಕ್ಕವನ್ನು ತಾನೇ ಇಡುತ್ತದೆ. ಗೂಗಲ್ ತಜ್ಞರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಪ್ರಮುಖ ಸೂಚನೆಗಳಲ್ಲಿ ಒಂದನ್ನೂ ತೋರದೆ ಕೆಟ್ಟವು ಎಂಬುದೂ ಅದೇ ಅಧ್ಯಯನದ ಮಾತು. ಆದ್ದರಿಂದ ಸ್ಮಾರ್ಟ್ ಸುಮ್ಮನಿದೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

2008ರಲ್ಲಿ ಇಂಟೆಲ್‌ನ ಎಕ್ಸ್25-ಎಂ ಮಾದರಿಯ ಎಸ್‌ಎಸ್‌ಡಿ ಬಂದ ಮೇಲೆ ಚಿತ್ರ ಬದಲಾಗತೊಡಗಿತು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಹೆಡ್ಡೂ ಇಲ್ಲ. ಸೆಕೆಂಡಿಗೆ ನೂರರ ಬದಲು ಹತ್ತಾರು ಸಾವಿರ ತುಣುಕುಗಳನ್ನು ಅದು ಓದುತ್ತದೆ. ಹಿನ್ನೆಲೆಯ ಕೆಲಸಗಳು ಈಗಲೂ ನಡೆಯುತ್ತವೆ, ಬಳಸುವವರ ಅನುಭವಕ್ಕೆ ಬರುವುದು ಅಪರೂಪ. ಮೆಮೊರಿಯ ಕೊರತೆ ಮಾತ್ರ ಎಸ್‌ಎಸ್‌ಡಿಯಲ್ಲೂ ಕೊರತೆಯೇ.

ಮನೆಗಳಲ್ಲಿ ತಿರುಗುವ ಡಿಸ್ಕುಗಳು ಇನ್ನೂ ಉಳಿದಿವೆ. ಅವುಗಳ ದೀಪ ಆರದಿದ್ದರೆ ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇಡಬೇಕು. ಆಮೇಲೆ ಯಾವ ಪ್ರೋಗ್ರಾಮ್ ದುಡಿಸುತ್ತಿದೆ, ಮೆಮೊರಿ ಎಷ್ಟು ಉಳಿದಿದೆ, ಸ್ಮಾರ್ಟ್ ಏನು ಹೇಳುತ್ತದೆ ಎಂಬುದನ್ನು ಇದೇ ಕ್ರಮದಲ್ಲಿ ನೋಡಬೇಕು. ಕಾರಣ ತಿಳಿಯುವ ಮೊದಲು ಯಾವ ಸೇವೆಯನ್ನೂ ನಿಲ್ಲಿಸಬಾರದು.